ಇನ್ನೊಬ್ಬರ ಕಸೂತಿ ತಿರುವಿ ನೋಡುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು: ಇನ್ನೊಬ್ಬರ ಕೆಲಸ ನೋಡಿ ತಪ್ಪು ಒಪ್ಪು ಹೇಳುವುದು ಯಾವಾಗ, ಹೇಗೆ. ಒಂದು ಜಮಖಂಡಿ ಕಡೆಯ ಟೀಚರ್ ಬರೆದದ್ದು, ಒಂದು ವಿಜಯಪುರದ ಹೊಸ ಕಲಿಕೆಯವರದ್ದು, ಇನ್ನೊಂದು ಬೆಳಗಾವಿಯ ಒಬ್ಬ ತಂದೆಯದ್ದು. ಮೂರಕ್ಕೂ ಇಲ್ಲೇ ಉತ್ತರಿಸುತ್ತೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಬೇಕು.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಎಂಟನೇ ತರಗತಿಯಲ್ಲಿ 52 ಮಕ್ಕಳಿದ್ದಾರೆ. ಎಲ್ಲರ ಪ್ರಬಂಧವನ್ನೂ ನಾನೊಬ್ಬಳೇ ತಿದ್ದಿ ಮುಗಿಸಲು ಆಗುತ್ತಿಲ್ಲ. ಕಳೆದ ತಿಂಗಳು ‘ನಮ್ಮೂರ ಜಾತ್ರೆ’ ಅಂತ ಬರೆಸಿದೆ. ಪಕ್ಕದವರ ಪುಸ್ತಕ ತೆಗೆದುಕೊಂಡು ತಪ್ಪು ಗುರುತಿಸಿ, ಹತ್ತಕ್ಕೆ ಅಂಕ ಕೊಡಿ ಅಂದೆ. ಗೆಳತಿಯರು ಗೆಳತಿಯರಿಗೆ ಹತ್ತಕ್ಕೆ ಹತ್ತು ಕೊಟ್ಟರು. ಒಬ್ಬ ಹುಡುಗಿಯ ಪುಸ್ತಕದಲ್ಲಿ ಮಾತ್ರ ಕೆಂಪು ಪೆನ್ನಿನಲ್ಲಿ ‘ಏನೂ ಬರಂಗಿಲ್ಲ, 2’ ಅಂತ ಬರೆದಿತ್ತು. ಅವಳು ಎರಡು ದಿನ ಶಾಲೆಗೆ ಬರಲಿಲ್ಲ. ಈಗ ಬರುತ್ತಿದ್ದಾಳೆ. ನಮ್ಮ ಹೆಡ್ ಮಾಸ್ತರರು ‘ಇದೆಲ್ಲಾ ಮಕ್ಕಳಿಗೆ ಈಗ ಬ್ಯಾಡ್ರಿ’ ಅಂದರು. ಒಬ್ಬರ ಕೆಲಸ ಒಬ್ಬರು ನೋಡಿ ಹೇಳುವಷ್ಟು ಮಕ್ಕಳು ತಯಾರಾಗುವುದು ಯಾವಾಗ? ಯಾವ ತರಗತಿಯಲ್ಲಿ?
— ಹೆಸರು ಬೇಡ, ಜಮಖಂಡಿ ತಾಲ್ಲೂಕು

ಉತ್ತರ: ಮೊದಲು ಆ ಹುಡುಗಿಯ ಮಾತು. ಶಾಲೆಗೆ ಬರುತ್ತಿದ್ದಾಳೆ ಅಂತ ಓದಿ ಸಮಾಧಾನವಾಯಿತು. ಆದರೆ ಆ ಪುಟ ಇನ್ನೂ ಅವಳ ಪುಸ್ತಕದಲ್ಲೇ ಇದೆ, ಅಲ್ವಾ? ಹಾಗೇ ಬಿಡಬೇಡಿ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಪ್ರಬಂಧ ನೀವೇ ಪೂರ್ತಿ ಓದಿ. ಜಾತ್ರೆ ಕಣ್ಣಿಗೆ ಕಟ್ಟಿದ ಒಂದಾದರೂ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಅದರ ಕೆಳಗೆ ಗೆರೆ ಎಳೆದು, ಯಾಕೆ ಹಿಡಿಸಿತು ಅಂತ ಪಕ್ಕದಲ್ಲಿ ಬರೆಯಿರಿ. ನೀವು ಕೊಟ್ಟ ಕೆಲಸದಿಂದ ಅವಳಿಗೆ ನೋವಾಗಿದೆ. ‘ನಂದು ತಪ್ಪಾತು’ ಅಂತ ನೀವೇ ಹೇಳಬೇಕು. ಇದನ್ನು ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಇಂಥದೇ ನೋವು ನಾನೂ ಒಬ್ಬಳಿಗೆ ಕೊಟ್ಟಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪ್ರಶ್ನೆಗೆ ಎಂಟನೇ ತರಗತಿ, ಹತ್ತನೇ ತರಗತಿ ಅಂತ ಉತ್ತರ ಹೇಳಲು ಬರುವುದಿಲ್ಲ. ನಾನು ಕಲಿಸಿದ್ದು ಕಸೂತಿ. ಮೂವತ್ತನಾಲ್ಕು ವರ್ಷ ಕಲಿಸಿದ್ದೇನೆ. ಮೊದಲು ಹಳೇ ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಆ ಮನೆ ಹೋದ ಮೇಲೆ ನವನಗರದಲ್ಲಿ. ಹತ್ತು ವರ್ಷದ ಹುಡುಗಿಯರು ಬಂದಿದ್ದಾರೆ, ಮೊಮ್ಮಗುವಿನ ಕುಲಾವಿಗೆ ಕಸೂತಿ ಹಾಕಬೇಕು ಅಂತ ಅಜ್ಜಿಯರೂ ಬಂದಿದ್ದಾರೆ. ಇಷ್ಟು ಜನರನ್ನು ನೋಡಿ ನನಗೆ ತಿಳಿದದ್ದು ಒಂದೇ. ಯಾವ ಹೊಲಿಗೆಯನ್ನು ತಾನೇ ತಪ್ಪು ಹಾಕಿ, ತಾನೇ ಕಂಡುಹಿಡಿದು, ತಾನೇ ಬಿಚ್ಚಿ ಮತ್ತೆ ಹಾಕಿದ್ದಾಳೋ ಆ ಹೊಲಿಗೆಯ ಬಗ್ಗೆ ಇನ್ನೊಬ್ಬಳಿಗೆ ಹೇಳಲು ಅವಳು ತಯಾರು. ಆ ಹೊಲಿಗೆಯ ಬಗ್ಗೆ ಮಾತ್ರ.

ಕಸೂತಿ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದಿನಿಂದ ಬಂದ ಪದ್ಧತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತೇವೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ, ನೇಯಿಗೆ, ಮೆಂತೆ ಅಂತ ನಾಲ್ಕು ಬಗೆಯ ಹೊಲಿಗೆ ಇವೆ. ನಾನು ಮೊದಲು ಕಲಿಸುವುದು ಗವಂತಿ. ಒಂದು ಜಾಗ ಹೊಲಿದು ಒಂದು ಜಾಗ ಬಿಡುತ್ತಾ ಮುಂದೆ ಹೋಗಬೇಕು. ಆಮೇಲೆ ಅದೇ ದಾರಿಯಲ್ಲಿ, ಬಿಟ್ಟ ಜಾಗ ತುಂಬುತ್ತಾ ವಾಪಸ್ ಬರಬೇಕು. ಸರಿಯಾಗಿ ಬಂದರೆ ಮೇಲೂ ಕೆಳಗೂ ಒಂದೇ ಗೆರೆ. ಗವಂತಿ, ಮುರಗಿ ಹಾಕಿದ ಬಟ್ಟೆಯನ್ನು ತಿರುವಿದರೆ ಯಾವುದು ಹಿಂಬದಿ ಅಂತ ಗೊತ್ತಾಗಬಾರದು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಹೀಗೆ ಬರೀ ಎಣಿಕೆಯಿಂದ ಏಳುತ್ತವೆ.

ಗೋಪುರದ ಬುಡದಲ್ಲಿ ಒಂದು ಎಳೆ ತಪ್ಪಿತು ಅಂತ ಇಟ್ಟುಕೊಳ್ಳಿ. ಅಲ್ಲಿ ಏನೂ ಕಾಣುವುದಿಲ್ಲ. ಸೂಜಿ ಮೇಲೆ ಹೋಗುತ್ತದೆ, ಅಂತಸ್ತು ಏರುತ್ತವೆ, ಎಲ್ಲಾ ಚೆನ್ನಾಗೇ ಇರುತ್ತದೆ. ತುದಿಯಲ್ಲಿ ಕಳಸ ಹಾಕುವಾಗ ಮಾತ್ರ ಎರಡು ಬದಿ ಕೂಡುವುದಿಲ್ಲ. ಹೊಸಬರು ಆಗ ‘ಅಕ್ಕೋರ, ಕಳಸ ಕೆಟ್ಟೈತ್ರಿ’ ಅನ್ನುತ್ತಾರೆ. ಕಳಸ ಬಿಚ್ಚುತ್ತಾರೆ, ಮತ್ತೆ ಹಾಕುತ್ತಾರೆ, ಮತ್ತೆ ಬಿಚ್ಚುತ್ತಾರೆ. ಹತ್ತು ಸಲ ಹಾಕಿದರೂ ಅದು ಕೂಡುವುದಿಲ್ಲ. ಕೆಟ್ಟಿರುವುದು ಬುಡ.

ಆರು ತಿಂಗಳು ಕಲಿತ ಹುಡುಗಿಯ ಕೈಗೆ ಅದೇ ಬಟ್ಟೆ ಕೊಡಿ. ಅವಳು ಕಳಸದ ಹತ್ತಿರ ನಿಲ್ಲುವುದೇ ಇಲ್ಲ. ಸೂಜಿಯ ಮೊನೆಯಿಂದ ಎಳೆ ಎಣಿಸುತ್ತಾ ಕೆಳಗೆ ಇಳಿಯುತ್ತಾಳೆ. ‘ಇಲ್ಲಿ ನೋಡು, ನಾಕು ಎಳಿ ತೊಗೊಳ್ಳೂ ಬದ್ಲಿ ಐದು ತೊಗೊಂಡಿ’ ಅನ್ನುತ್ತಾಳೆ. ಅವಳಿಗೆ ಅದು ಹೇಗೆ ಕಂಡಿತು? ಅವಳೂ ಒಂದು ಗೋಪುರವನ್ನು ಬುಡದವರೆಗೆ ಬಿಚ್ಚಿದ್ದಾಳೆ. ಬಿಚ್ಚುವಾಗ ಅತ್ತಿದ್ದಾಳೆ. ಅದಕ್ಕೇ ಅವಳ ದನಿಯಲ್ಲಿ ಕೊಂಕು ಇರುವುದಿಲ್ಲ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಪ್ಪಿನ ಬುಡ ಕಾಣುವ ಕಣ್ಣು, ಮೆತ್ತಗೆ ಹೇಳುವ ಬಾಯಿ ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ.

ನಿಮ್ಮ ತರಗತಿಯಲ್ಲಿ ಆ ಮಗು ‘ಏನೂ ಬರಂಗಿಲ್ಲ’ ಅಂತ ಬರೆದದ್ದು ಕಳಸ ಕೆಟ್ಟಿದೆ ಅಂದ ಹಾಗೆ. ಏನೋ ಸರಿ ಇಲ್ಲ ಅಂತ ಅದಕ್ಕೆ ಅನಿಸಿತು. ಎಲ್ಲಿ ಅಂತ ಕಾಣಲಿಲ್ಲ. ಎಲ್ಲಿ ಅಂತ ಕಾಣದವರ ಕೈಗೆ ಕೆಂಪು ಪೆನ್ನು ಕೊಟ್ಟರೆ ಅವರು ಬಟ್ಟೆಯನ್ನು ಬಿಟ್ಟು, ಅದನ್ನು ಹೊಲಿದವಳ ಮೇಲೇ ಗೀಚುತ್ತಾರೆ. ಹತ್ತಕ್ಕೆ ಹತ್ತು ಕೊಟ್ಟ ಮಕ್ಕಳಿಗೂ ಏನೂ ಕಂಡಿರಲಿಲ್ಲ. ಎರಡೂ ಒಂದೇ.

ಈಗ ನನ್ನ ಮಾತು. ನನಗೆ ಆಗ ಹದಿನೈದು ವರ್ಷ. ಸೋದರತ್ತೆಯ ಹತ್ತಿರ ಕಲಿಯುತ್ತಿದ್ದೆ. ಮ್ಯಾಟಿ ಬಟ್ಟೆಯ ಮೇಲೆ ನನ್ನ ಕೈ ಚೆನ್ನಾಗಿ ಕೂತಿತ್ತು. ಮ್ಯಾಟಿ ಬಟ್ಟೆಯಲ್ಲಿ ಎಳೆ ಕಣ್ಣಿಗೆ ಕಾಣುತ್ತವೆ, ಎಣಿಸುವುದು ಸುಲಭ. ನಮ್ಮ ಜೊತೆ ಇನ್ನೊಬ್ಬ ಹುಡುಗಿ ಕಲಿಯುತ್ತಿದ್ದಳು. ಅವಳ ಮದುವೆ ಗೊತ್ತಾಗಿತ್ತು. ತನ್ನ ಚಂದ್ರಕಾಳಿ ಸೀರೆಗೆ ತಾನೇ ತೇರು ಹಾಕುತ್ತಿದ್ದಳು. ಕರಿ ಸೀರೆಯ ಮೇಲೆ ಎಳೆ ಎಣಿಸುವುದು ಎಷ್ಟು ಕಷ್ಟ ಅಂತ ಹಾಕಿದವರಿಗೇ ಗೊತ್ತು. ಒಂದು ಮಧ್ಯಾಹ್ನ ಎಲ್ಲರ ಎದುರು ನಾನು ಅಂದೆ, ‘ನಿನ್ನ ತೇರು ಉದ್ದ ಆಗೈತಿ. ಎಣಿಕಿ ತಪ್ಪೈತಿ.’ ಅವಳು ಏನೂ ಅನ್ನಲಿಲ್ಲ. ರಾತ್ರಿ ಕೂತು ಪೂರ್ತಿ ತೇರು ಬಿಚ್ಚಿದಳು.

ಮರುದಿನ ಅತ್ತೆ, ಅವಳು ಬಿಚ್ಚಿದ ಜಾಗದ ತೂತುಗಳನ್ನು ಬೆಳಕಿಗೆ ಹಿಡಿದು ಎಣಿಸಿದರು. ಎಣಿಕೆ ಸರಿ ಇತ್ತು. ಆ ಸೀರೆಯಲ್ಲಿ ಹಾಸಿನ ಎಳೆ (ಉದ್ದಕ್ಕೆ ಹೋಗುವವು) ಒತ್ತಾಗಿದ್ದವು, ಹೊಕ್ಕಿನ ಎಳೆ (ಅಡ್ಡಕ್ಕೆ ಬರುವವು) ಸ್ವಲ್ಪ ಬಿಡಿಬಿಡಿಯಾಗಿದ್ದವು. ಅಂಥ ಬಟ್ಟೆಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಅಷ್ಟಷ್ಟೇ ಎಳೆ ಎಣಿಸಿದರೂ ಚಿತ್ರ ಒಂದು ಕಡೆಗೆ ಎಳೆದಂತೆ ಕಾಣುತ್ತದೆ. ಮ್ಯಾಟಿ ಬಟ್ಟೆಯಲ್ಲಿ ಎರಡೂ ಸಮ ಇರುತ್ತವೆ. ನನಗೆ ಗೊತ್ತಿದ್ದದ್ದು ಆ ಒಂದು ಬಟ್ಟೆ. ಸೀರೆಯ ಮೇಲೆ ನಾನು ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ, ಒಂದನ್ನೂ ಬಿಚ್ಚಿರಲಿಲ್ಲ. ಆದರೂ ಮಾತಾಡಿದ್ದೆ.

ಅತ್ತೆ ನನ್ನನ್ನು ಬೈಯಲಿಲ್ಲ. ಆ ಹುಡುಗಿಯ ಪಕ್ಕದಲ್ಲಿ ಕೂರಿಸಿದರು. ಅವಳು ಮತ್ತೆ ತೇರು ಹಾಕಿ ಮುಗಿಸುವವರೆಗೆ ಸೂಜಿಗೆ ದಾರ ಪೋಣಿಸಿ ಕೊಡಬೇಕು ಅಂದರು. ಒಂಬತ್ತು ದಿನ ಪೋಣಿಸಿದೆ. ಒತ್ತು ನೇಯ್ಗೆಯ ಮೇಲೆ ಸೂಜಿ ಹೇಗೆ ತಡೆಯುತ್ತದೆ, ಕಣ್ಣು ಎಲ್ಲಿ ಸೋಲುತ್ತದೆ ಅಂತ ಆ ಒಂಬತ್ತು ದಿನದಲ್ಲಿ ನೋಡಿದೆ. ಮದುವೆಯ ದಿನ ಆ ಸೀರೆಯಲ್ಲಿ ಹಳೆಯ ತೂತಿನ ಗುರುತು ಇನ್ನೂ ಸಣ್ಣಗೆ ಕಾಣುತ್ತಿತ್ತು. ನನಗೆ ಈಗಲೂ ಕಾಣುತ್ತದೆ.

ಅದಕ್ಕೇ ನಾನು ವಯಸ್ಸು ಕೇಳುವುದಿಲ್ಲ, ಕೈಚಳಕವನ್ನೂ ಅಷ್ಟಾಗಿ ನೋಡುವುದಿಲ್ಲ. ಗುಳೇದಗುಡ್ಡದಿಂದ ಒಬ್ಬ ಹುಡುಗಿ ಬರುತ್ತಿದ್ದಳು, ಹತ್ತು ವರ್ಷದವಳು. ಮನೆಯಲ್ಲಿ ರವಿಕೆಯ ಖಣ ನೇಯುತ್ತಾರೆ. ಹುಟ್ಟಿದಾಗಿನಿಂದ ಎಳೆಗಳ ನಡುವೆ ಬೆಳೆದವಳು. ಎರಡನೇ ವಾರಕ್ಕೇ ಅವಳ ಕಣ್ಣು ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಅದೇ ಬ್ಯಾಚಿನಲ್ಲಿ ನಲವತ್ತು ದಾಟಿದ ಒಬ್ಬರಿದ್ದರು. ಅವರ ಮೆಂತೆ ಹೊಲಿಗೆ ನನಗಿಂತ ಚೆಂದ. ಆದರೆ ಯಾರ ಬಟ್ಟೆ ನೋಡಿದರೂ ‘ನಾನಾಗಿದ್ರ ಇಲ್ಲಿ ಹಸಿರು ಹಾಕ್ತಿದ್ದೆ, ನಾನಾಗಿದ್ರ ನವಿಲು ಹಾಕ್ತಿದ್ದೆ’ ಅನ್ನುತ್ತಿದ್ದರು. ಎಲ್ಲರ ಬಟ್ಟೆಯೂ ಅವರದೇ ಆಗಿಬಿಡುತ್ತಿತ್ತು. ಬಹಳ ಒಳ್ಳೆಯ ಮನಸ್ಸಿನವರು. ಒಳ್ಳೆಯ ಮನಸ್ಸು, ಒಳ್ಳೆಯ ಕೈ ಎರಡೂ ಇದ್ದು, ಇನ್ನೊಬ್ಬರ ಕೆಲಸ ನೋಡಲು ತಯಾರಿರಲಿಲ್ಲ. ಬಾಯಿ ತೆಗೆಯುವ ಮೊದಲು ‘ನೀನು ಇಲ್ಲಿ ಏನು ಮಾಡಬೇಕಂತಿದ್ದಿ?’ ಅಂತ ಕೇಳಿ, ಉತ್ತರ ಬಂದ ಮೇಲೇ ಮಾತಾಡಿ ಅಂತ ಅವರಿಗೆ ಹೇಳಿದ್ದೆ. ಅದು ಅವರಿಗೆ ರೂಢಿಯಾಗಲು ಒಂದು ವರ್ಷ ಬೇಕಾಯಿತು.

ತಯಾರಾಗಿದ್ದಾಳೆ ಅಂತ ನನಗೆ ಹೇಗೆ ಗೊತ್ತಾಗುತ್ತದೆ? ಕೈ ನೋಡುತ್ತೇನೆ. ತಯಾರಿಲ್ಲದವಳು ಇನ್ನೊಬ್ಬಳು ಬಟ್ಟೆ ಬಿಗಿದ ರಿಂಗ್ ತೆಗೆದುಕೊಂಡು ಮುಂಬದಿ ನೋಡಿ, ‘ಚಲೋ ಐತಿ’ ಅಂದು ವಾಪಸ್ ಕೊಡುತ್ತಾಳೆ. ತಯಾರಾದವಳು ತಿರುವುತ್ತಾಳೆ. ಅವಳ ಬೆರಳು ಒಂದು ಕಡೆ ನಿಲ್ಲುತ್ತದೆ. ತಕ್ಷಣ ಮಾತಾಡುವುದಿಲ್ಲ. ಆಮೇಲೆ ‘ಇಲ್ಲಿ ಯಾಕ ಹಿಂಗ ತಿರುಗಿಸಿದಿ?’ ಅಂತ ಕೇಳುತ್ತಾಳೆ. ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾಳೆ. ಇನ್ನೊಂದು ಗುರುತೂ ಇದೆ. ಹೊಸದರಲ್ಲಿ ಕೆಲವರು ಹಿಂಬದಿ ಕಾಣಬಾರದು ಅಂತ ಮನೆಯಲ್ಲೇ ಅಸ್ತರ್ ಹಚ್ಚಿಕೊಂಡು ತರುತ್ತಾರೆ. ಒಂದು ದಿನ ಅದು ನಿಲ್ಲುತ್ತದೆ. ‘ಅಕ್ಕೋರ, ಇಲ್ಲಿ ತಪ್ಪೈತಿ, ನಾನ ನೋಡೀನಿ, ನೀವು ಹೇಳಬ್ಯಾಡ್ರಿ’ ಅಂತ ಬಟ್ಟೆ ತಿರುವಿ ಮುಂದೆ ಇಡುತ್ತಾರೆ. ಆ ದಿನದಿಂದ ಅವಳ ಕೈಗೆ ಇನ್ನೊಬ್ಬಳ ಬಟ್ಟೆ ಕೊಡಬಹುದು ಅಂತ ನನ್ನ ಲೆಕ್ಕ.

ಇನ್ನು ನಿಮ್ಮ ತರಗತಿಗೆ ಬರುತ್ತೇನೆ. ನನ್ನ ಮಗಳು ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನಿಮ್ಮ ಪತ್ರ ಓದಿ ಹೇಳಿದೆ. ‘ಅವ್ವಾ, ಎಲ್ಲಕ್ಕಿಂತ ಮೊದಲ ಅಂಕ ಕೊಡೂದು ಬಿಡಾಕ ಹೇಳು’ ಅಂದಳು. ಇಸ್ರೇಲಿನಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಶಾಲೆಯ ಮಕ್ಕಳ ಜೊತೆ ಮಾಡಿದ ಒಂದು ಅಧ್ಯಯನ ಇದೆಯಂತೆ, 1988ರಲ್ಲಿ ಪ್ರಕಟವಾದದ್ದು. ಕೆಲವು ಮಕ್ಕಳಿಗೆ ಬರೀ ಅಂಕ ಕೊಟ್ಟರು. ಕೆಲವರಿಗೆ ಅಂಕ ಇಲ್ಲದೆ ಬರೀ ಸಲಹೆ. ಇನ್ನು ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು, ಆಸಕ್ತಿ ಉಳಿಸಿಕೊಂಡವರು ಬರೀ ಸಲಹೆ ಸಿಕ್ಕ ಮಕ್ಕಳು. ಸಲಹೆಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಆಗಲಿಲ್ಲ. ಕೇಳಿದ ಕೂಡಲೇ ನನಗೆ ನಿಜ ಅನಿಸಿತು. ಪುಟದಲ್ಲಿ 2 ಅಂತ ಇದ್ದರೆ ಬೇರೆ ಯಾವ ಮಾತನ್ನು ಯಾವ ಮಗು ಓದುತ್ತದೆ? ಟೀಚರ್ ಕೊಟ್ಟ ಅಂಕದ್ದೇ ಈ ಕಥೆ ಆದರೆ, ಬೆಂಚಿನ ಪಕ್ಕದವಳು ಕೊಟ್ಟದ್ದು ಇನ್ನೂ ಜಾಸ್ತಿ ಚುಚ್ಚುತ್ತದೆ.

ಮೊದಲು ನಿಮ್ಮದನ್ನೇ ಅವರ ಮುಂದೆ ಇಡಿ. ನೀವೇ ಬಾದಾಮಿ ಬನಶಂಕರಿ ಜಾತ್ರೆಯ ಬಗ್ಗೆ ಐದಾರು ಸಾಲು ಬೋರ್ಡಿನ ಮೇಲೆ ಬರೆಯಿರಿ. ಬೇಕಂತಲೇ ಸಪ್ಪೆಯಾಗಿ ಬರೆಯಿರಿ. ‘ಬಹಳ ಜನ ಸೇರಿದ್ದರು. ತೇರು ಎಳೆದರು. ಬಹಳ ಚೆನ್ನಾಗಿತ್ತು.’ ಚೆನ್ನಾಗಿದೆಯೋ ಇಲ್ಲವೋ ಅಂತ ಕೇಳಬೇಡಿ. ‘ಎಲ್ಲಿ ನಿಮಗೆ ಜಾತ್ರೆ ಕಾಣಲಿಲ್ಲ?’ ಅಂತ ಕೇಳಿ. ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ, ‘ಟೀಚರ್, ನಾಟಕ ಕಂಪನಿ ಬಂದಿದ್ವೋ ಇಲ್ಲೋ?’ ಇನ್ನೊಂದು, ‘ತೇರಿನ ಹಗ್ಗ ಹಿಡಿದವ್ರು ಯಾರು?’ ಅವರ ಎದುರೇ ಆ ಸಾಲು ಅಳಿಸಿ ಮತ್ತೆ ಬರೆಯಿರಿ. ತಾವು ಕೇಳಿದ ಒಂದು ಪ್ರಶ್ನೆಯಿಂದ ಟೀಚರ್ ಬರೆದದ್ದು ಸುಧಾರಿಸಿತು ಅಂತ ಮಕ್ಕಳು ಕಣ್ಣಾರೆ ನೋಡಲಿ. ತಿದ್ದಿಸಿಕೊಂಡವರು ಹೇಗೆ ಇರಬೇಕು ಅನ್ನುವುದನ್ನೂ ಅವರು ಅಲ್ಲೇ ಕಲಿಯುತ್ತಾರೆ. ನೀವು ಮುಖ ಸಣ್ಣದು ಮಾಡಿಕೊಂಡರೆ ಅದನ್ನೂ ಕಲಿಯುತ್ತಾರೆ.

ಆಮೇಲೆ ಹೆಸರಿಲ್ಲದ ಹಳೆಯ ಪ್ರಬಂಧ ಒಂದನ್ನು ಕೊಡಿ, ಬೇರೆ ಶಾಲೆಯದಾದರೆ ಒಳ್ಳೆಯದು. ಬರೆದವರು ಎದುರಿಗೆ ಇಲ್ಲದಾಗ ಕಣ್ಣು ಬರಹದ ಮೇಲೇ ನಿಲ್ಲುತ್ತದೆ. ಅದಾದ ಮೇಲೆ ತಮ್ಮದೇ ಪುಸ್ತಕ. ಬರೆದು ಒಂದು ವಾರ ಬಿಟ್ಟು ಕೊಡಿ. ಬರೆದ ದಿನ ಯಾರಿಗೂ ತಮ್ಮ ತಪ್ಪು ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ತಮ್ಮ ಪುಸ್ತಕದಲ್ಲಿ ಒಂದು ಜಾಗ ಕಂಡುಹಿಡಿದು ತಿದ್ದಿದ ಮಕ್ಕಳಿಗೆ ಮಾತ್ರ ಪಕ್ಕದವರ ಪುಸ್ತಕ ಕೊಡಿ. ಒಂದೇ ದಿನ 52 ಮಕ್ಕಳೂ ಶುರು ಮಾಡಬೇಕು ಅಂತ ಏನಿಲ್ಲ. ಮೊದಲ ಸಲ ಎಂಟು ಮಕ್ಕಳಾದರೂ ಸಾಕು. ಜೋಡಿ ನೀವೇ ಮಾಡಿ. ಜೀವದ ಗೆಳತಿಯರನ್ನೂ ಬೇಡ, ಮಾತು ಬಿಟ್ಟವರನ್ನೂ ಬೇಡ. ಪೆನ್ಸಿಲ್ ಕೊಡಿ, ಕೆಂಪು ಪೆನ್ನು ಬೇಡ. ಆ ವಾರ ನೀವು ಕಲಿಸಿದ ಒಂದೇ ವಿಷಯ ನೋಡಲು ಹೇಳಿ. ಅಲ್ಪಪ್ರಾಣ ಮಹಾಪ್ರಾಣ ಕಲಿಸಿದ್ದರೆ ಅದೊಂದೇ. ಕಾಗುಣಿತದ ತಪ್ಪು ಹುಡುಕುವುದು ಮಕ್ಕಳಿಗೆ ಬಲು ಇಷ್ಟ. ಅದು ಕಣ್ಣಿಗೆ ಬೇಗ ಬೀಳುತ್ತದೆ. ಶುರು ಮಾಡಲು ಒಳ್ಳೆಯದೇ, ಆದರೆ ಅಲ್ಲೇ ಕೂರಿಸಬೇಡಿ. ಮುಂದಿನ ಸಲ ‘ಎರಡು ಸಲ ಓದಬೇಕಾದ ಸಾಲು ಯಾವುದು’ ಅಂತ ಗುರುತು ಹಾಕಲು ಹೇಳಿ. ಅದಕ್ಕೆ ವ್ಯಾಕರಣ ಗೊತ್ತಿರಬೇಕಾಗಿಲ್ಲ. ಓದಿದರೆ ಸಾಕು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಇದರಿಂದ ನಿಮ್ಮ ತಿದ್ದುವ ಕೆಲಸ ಕಡಿಮೆಯಾಗುತ್ತದೆ ಅಂತ ನಂಬಿದ್ದರೆ ಆ ನಂಬಿಕೆ ಬಿಡಿ. ಮೊದಲ ಆರು ತಿಂಗಳು ನಿಮ್ಮ ಕೆಲಸ ಜಾಸ್ತಿಯೇ ಆಗುತ್ತದೆ. ಮಕ್ಕಳು ಬರೆದದ್ದನ್ನೂ ಓದಬೇಕು, ಅದರ ಬಗ್ಗೆ ಗೆಳತಿ ಬರೆದದ್ದನ್ನೂ ಓದಬೇಕು. ಟೀಚರ್ ಕೈಯ ಭಾರ ಇಳಿಸಲು ಇದನ್ನು ಮಾಡಿಸಿದರೆ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ, ಅವರೂ ಬೇಗ ಬೇಗ ಮುಗಿಸಿ ಕೊಡುತ್ತಾರೆ. 52 ಪುಸ್ತಕದ ಕಷ್ಟ ನನಗೆ ಅರ್ಥವಾಗುತ್ತದೆ. ಅದಕ್ಕೆ ಬೇರೆ ದಾರಿ ಹುಡುಕಿ. ವಾರಕ್ಕೆ ಹದಿಮೂರು ಪುಸ್ತಕ ಚೆನ್ನಾಗಿ ನೋಡಿದರೆ ತಿಂಗಳಲ್ಲಿ ಎಲ್ಲರದೂ ಒಂದು ಸುತ್ತು ಬರುತ್ತದೆ.

ನಿಮ್ಮ ಹೆಡ್ ಮಾಸ್ತರರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಅಂಕ ಕೊಡುವುದು ಮಕ್ಕಳಿಗೆ ಈಗ ಬೇಡ. ನೋಡುವುದು ಬೇಕು. ಇವತ್ತಿನಿಂದಲೇ ಬೇಕು.

ಪ್ರಶ್ನೆ: ನಾನು ಕಸೂತಿ ಕಲಿಯಲು ಸೇರಿ ಮೂರು ತಿಂಗಳಾಯಿತು. ಪ್ರತಿ ಶನಿವಾರ ನಮ್ಮ ಟೀಚರ್ ಎಲ್ಲರನ್ನೂ ಸುತ್ತ ಕೂರಿಸಿ ಒಬ್ಬರ ಕೆಲಸದ ಬಗ್ಗೆ ಒಬ್ಬರು ಹೇಳಬೇಕು ಅನ್ನುತ್ತಾರೆ. ಅಲ್ಲಿ ಮೂರು ವರ್ಷದಿಂದ ಕಲಿಯುವವರೂ ಇದ್ದಾರೆ, ವಯಸ್ಸಿನಲ್ಲೂ ದೊಡ್ಡವರು. ಅವರ ಕೆಲಸದ ಬಗ್ಗೆ ನಾನೇನು ಹೇಳಲಿ? ಪ್ರತಿ ಸಲ ‘ಚೆನ್ನಾಗಿದೆ ಅಕ್ಕಾ’ ಅಂದು ಸುಮ್ನೆ ಆಗುತ್ತೇನೆ. ಸುಳ್ಳು ಹೇಳಿದ ಹಾಗೆ ಅನಿಸುತ್ತದೆ.
— ಒಬ್ಬ ಓದುಗಳು, ವಿಜಯಪುರ

ಉತ್ತರ: ತಂಗಿ, ಸುಳ್ಳು ಹೇಳಿದ ಹಾಗೆ ಅನಿಸುತ್ತಿದೆ ಅಂದರೆ ನಿನಗೆ ಏನೋ ಕಾಣುತ್ತಿದೆ. ಏನೂ ಕಾಣದವರಿಗೆ ಹಾಗೆ ಅನಿಸುವುದಿಲ್ಲ.

ಮೂರು ತಿಂಗಳಿಗೆ ತಪ್ಪು ಹೇಳಬೇಡ. ಹೀಗೆ ಮಾಡಿ ಅಂತಂತೂ ಹೇಳಲೇಬೇಡ. ಆದರೆ ಕಂಡದ್ದನ್ನು ಹೇಳಲು ಮೂರು ತಿಂಗಳೂ ಬೇಡ. ‘ಅಕ್ಕಾ, ನನ್ನ ಕಣ್ಣು ಮೊದಲು ಈ ಕೆಂಪು ಆನೆಗೆ ಹೋಯ್ತು, ತೇರು ಆಮೇಲೆ ಕಂಡಿತು.’ ಇಷ್ಟು ಹೇಳಿದರೆ ನೀನು ಯಾರಿಗೂ ಬುದ್ಧಿ ಹೇಳಿದಂತಾಗಲಿಲ್ಲ. ಆ ಅಕ್ಕನಿಗೆ ಮಾತ್ರ ಬೇಕಾದದ್ದು ಸಿಕ್ಕಿತು. ತೇರು ಮೊದಲು ಕಾಣಬೇಕು ಅಂತ ಅವರ ಮನಸ್ಸಿನಲ್ಲಿದ್ದರೆ ಆನೆಯ ಬಣ್ಣ ಇಳಿಸುತ್ತಾರೆ. ಆನೆಯೇ ಕಾಣಲಿ ಅಂತಿದ್ದರೆ ಹಾಗೇ ಬಿಡುತ್ತಾರೆ. ಇಳಕಲ್ ಸೀರೆ ಉಡುವವರಲ್ಲಿ ಎಷ್ಟು ಜನ ಕಸೂತಿ ಕಲಿತವರು? ಆದರೂ ಸೀರೆ ಬಿಚ್ಚಿ ತೋರಿಸಿದ ಕೂಡಲೇ ಅವರ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಹಾಕಿದವರು ನೋಡಿಯೇ ನೋಡುತ್ತಾರೆ. ನಿನ್ನ ಹೊಸ ಕಣ್ಣಿಗೂ ಅಷ್ಟು ಬೆಲೆ ಇದೆ. ಮೂರು ವರ್ಷ ಕಲಿತವರಿಗೆ ಆ ಕಣ್ಣು ಬೇಕೆಂದರೂ ವಾಪಸ್ ಬರುವುದಿಲ್ಲ.

ಇನ್ನೊಂದು, ಪ್ರಶ್ನೆ ಕೇಳು. ‘ಇಲ್ಲಿ ದಾರ ಎಲ್ಲಿಂದ ಒಳಗೆ ಹೋಯ್ತು ಅಕ್ಕಾ, ನನಗೆ ತಿಳೀಲಿಲ್ಲ’ ಅಂತ ಕೇಳಿದರೆ ಅವರು ಬಟ್ಟೆ ತಿರುವಿ ತೋರಿಸುತ್ತಾರೆ. ತೋರಿಸುವಾಗ ಎಷ್ಟೋ ಸಲ ಅವರ ತಪ್ಪು ಅವರಿಗೇ ಕಾಣುತ್ತದೆ. ನೀನು ಬಾಯಿ ತೆಗೆಯುವ ಪ್ರಸಂಗವೇ ಬರುವುದಿಲ್ಲ.

ಇದರಿಂದ ನಿನಗೇ ಲಾಭ ಜಾಸ್ತಿ. ಇದನ್ನೂ ನನ್ನ ಮಗಳೇ ಹೇಳಿದ್ದು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬರವಣಿಗೆ ಕಲಿಯುತ್ತಿದ್ದ ಬೇರೆ ದೇಶದ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ಬೇರೆಯವರ ಬರಹ ಓದಿ ಸಲಹೆ ಹೇಳುವುದನ್ನಷ್ಟೇ ಕಲಿಯಿತು. ಇನ್ನೊಂದು ಗುಂಪು ಸಿಕ್ಕ ಸಲಹೆಯಿಂದ ತಿದ್ದುವುದನ್ನಷ್ಟೇ ಕಲಿಯಿತು. ಕೊನೆಗೆ ಸ್ವಂತ ಬರಹ ಜಾಸ್ತಿ ಸುಧಾರಿಸಿದ್ದು ಸಲಹೆ ಹೇಳಿದವರದ್ದು. ಅದರಲ್ಲೂ ಕೆಳಗಿನ ಹಂತದಲ್ಲಿದ್ದವರಿಗೆ ಲಾಭ ಹೆಚ್ಚು ಆಗಿತ್ತು. 2009ರಲ್ಲಿ ಇದು ಪ್ರಕಟವಾಯಿತು. ಹೊಸಬರು ಸುಮ್ಮನೆ ಕೂತು ಕೇಳಲಿ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ನೊಬ್ಬರ ಗೋಪುರದಲ್ಲಿ ಎಳೆ ಎಣಿಸಿದ ಕಣ್ಣು ಮನೆಗೆ ಹೋಗಿ ತನ್ನ ಗೋಪುರದಲ್ಲೂ ಎಣಿಸುತ್ತದೆ.

ಒಂದು ಎಚ್ಚರಿಕೆ ಇರಲಿ. ನೀನು ತಯಾರಿದ್ದರೆ ಸಾಲದು, ಆ ಬಟ್ಟೆಯೂ ತಯಾರಿರಬೇಕು. ಸೂಜಿ ಇನ್ನೂ ಅದರಲ್ಲಿದ್ದರೆ ಮಾತಾಡು. ಬಿಚ್ಚಿ ಹಾಕಲು ಸಮಯ ಇದೆ. ಮುಗಿದು, ಇಸ್ತ್ರಿ ಆಗಿ, ನಾಳೆ ತಂಗಿಯ ಸೀಮಂತಕ್ಕೆ ಉಡಿಸಬೇಕಾದ ಸೀರೆ ತಂದು ತೋರಿಸಿದರೆ ಅವರು ನಿನ್ನ ಖುಷಿ ಕೇಳಲು ಬಂದಿದ್ದಾರೆ. ಆಗ ‘ಚೆನ್ನಾಗಿದೆ ಅಕ್ಕಾ’ ಅನ್ನುವುದು ಸುಳ್ಳಲ್ಲ. ಅದರಲ್ಲಿ ಚೆನ್ನಾಗಿರುವ ಒಂದು ಜಾಗ ಹುಡುಕಿ, ಅದರ ಮೇಲೆ ಬೆರಳಿಟ್ಟು ಹೇಳು.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಡ್ರಾಯಿಂಗ್ ಕ್ಲಾಸಿಗೆ ಹೋಗುತ್ತಾನೆ. ಈಗೀಗ ಎಲ್ಲರ ಚಿತ್ರದಲ್ಲೂ ತಪ್ಪು ಹುಡುಕುತ್ತಾನೆ. ಮೊನ್ನೆ ನಮ್ಮ ಅವ್ವ ಅಂಗಳದಲ್ಲಿ ಹಾಕಿದ ರಂಗೋಲಿ ನೋಡಿ ‘ಸೊಟ್ಟ ಆಗೈತಿ’ ಅಂದ. ಅವ್ವ ನಕ್ಕರು, ನನಗೆ ಸಿಟ್ಟು ಬಂತು. ಬೈಯಬೇಕೇ, ಬಿಡಬೇಕೇ?
— ಒಬ್ಬ ತಂದೆ, ಬೆಳಗಾವಿ

ಉತ್ತರ: ಬೈಯಬೇಡಿ. ಅವನ ಕಣ್ಣು ಈಗ ತಾನೇ ತೆರೆದಿದೆ. ಗೆರೆ ನೇರ ಇರಬಹುದು, ಸೊಟ್ಟ ಇರಬಹುದು ಅಂತ ಅವನಿಗೆ ಈಗ ಕಾಣಲು ಶುರುವಾಗಿದೆ. ಕಂಡದ್ದನ್ನೆಲ್ಲಾ ಹೇಳುತ್ತಿದ್ದಾನೆ. ಅದನ್ನು ಮುಚ್ಚಿಸಿದರೆ ಮತ್ತೆ ತೆರೆಸುವುದು ಕಷ್ಟ.

ಅವನಿಗೆ ಗೊತ್ತಿಲ್ಲದ್ದು ಗೆರೆ ಯಾಕೆ ಸೊಟ್ಟ ಆಗುತ್ತದೆ ಅನ್ನುವುದು. ನಾಳೆ ಬೆಳಿಗ್ಗೆ ಅವನನ್ನು ಅಜ್ಜಿಯ ಜೊತೆ ಎಬ್ಬಿಸಿ. ಅಂಗಳಕ್ಕೆ ನೀರು ಹಾಕಿ ಸಾರಿಸುವುದರಿಂದ ಶುರು ಮಾಡಲಿ. ಹನ್ನೊಂದರಿಂದ ಆರು, ನಡು ಚುಕ್ಕಿ: ನಡು ಸಾಲಿನಲ್ಲಿ ಹನ್ನೊಂದು ಚುಕ್ಕಿ, ಎರಡೂ ಬದಿಗೆ ಸಾಲಿಗೊಂದು ಕಡಿಮೆಯಾಗುತ್ತಾ ಆರಕ್ಕೆ. ಬಗ್ಗಿ ನಿಂತು ಅಷ್ಟೂ ಚುಕ್ಕಿ ಅವನೇ ಇಡಲಿ. ನಡು ಸಾಲಿನಲ್ಲಿ ಒಂದು ಚುಕ್ಕಿ ಸರಿದರೆ ಕೊನೆಯ ಸಾಲಿನಲ್ಲಿ ಏನಾಗುತ್ತದೆ ಅಂತ ಅವನೇ ನೋಡಲಿ. ಅಜ್ಜಿ ಪಕ್ಕದಲ್ಲಿ ಕೂತಿರಲಿ, ಅವನು ಕೇಳಿದಾಗ ಮಾತ್ರ ಹೇಳಲಿ. ಮುಗಿದ ಮೇಲೆ ‘ಸೊಟ್ಟ ಆಯ್ತು’ ಅಂತ ಯಾರೂ ಅನ್ನಬೇಡಿ. ಅವನಿಗೇ ಕಾಣುತ್ತದೆ. ನಾಡಿದ್ದು ಅವನು ಅಜ್ಜಿಗೆ ‘ನೀ ಚುಕ್ಕಿ ಹೆಂಗ ಇಡ್ತಿ, ತೋರ್ಸು’ ಅಂತ ಕೇಳಿದರೆ, ಅಜ್ಜಿಯ ಕೈಯಿಂದ ರಂಗೋಲಿ ಬಟ್ಟಲು ಇಸಿದುಕೊಳ್ಳಲು ಬಿಡಿ.